ಚುಕ್ಕಾಣಿ ಎಷ್ಟು ತಿರುಗಿಸಿದರೆ ದೋಣಿ ತಿರುಗೀತು?

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟ್ ಎಂಬ ದೋಣಿ 70 ಅಡಿವರೆಗೂ ಉದ್ದವಿರುತ್ತದೆ. ಅಗಲ ಮಾತ್ರ 7 ಅಡಿಗೂ ಒಂದೆರಡು ಅಂಗುಲ ಕಡಿಮೆ. ಉಕ್ಕಿನ ಒಡಲು, ತೂಕ ಸುಮಾರು 15ರಿಂದ 20 ಟನ್. ಇದನ್ನು ನಡೆಸುವವರು ನಿಲ್ಲುವುದು ತೀರಾ ಹಿಂದಿನ ತುದಿಯಲ್ಲಿ. ಕಣ್ಣೆದುರು ಉದ್ದಾನುದ್ದ ಛಾವಣಿ, ಕೈಯಲ್ಲಿ ಚುಕ್ಕಾಣಿಯ ಹಿಡಿಕೋಲು. ಸ್ಟೀರಿಂಗ್ ಚಕ್ರವೂ ಇಲ್ಲ, ಬ್ರೇಕೂ ಇಲ್ಲ. ಕೋಲನ್ನು ಎಡಕ್ಕೆ ನೂಕಿದರೆ ದೋಣಿಯ ಮೂತಿ ಬಲಕ್ಕೆ ಹೊರಳುತ್ತದೆ, ಬಲಕ್ಕೆ ನೂಕಿದರೆ ಎಡಕ್ಕೆ. ರಜೆಗೆಂದು ದೋಣಿ ಬಾಡಿಗೆಗೆ ಹಿಡಿದವರಿಗೆ ಈ ಉಲ್ಟಾ ಲೆಕ್ಕ ಬೇಗನೇ ಕೈಗೆ ಹತ್ತುತ್ತದೆ. ಬಿಡಲಾಗದೆ ಉಳಿಯುವ ಚಾಳಿ ಬೇರೆಯದೇ. ತಿರುವಿನಲ್ಲಿ ದೋಣಿ ಮಾತು ಕೇಳುತ್ತಿಲ್ಲ ಎನಿಸಿದ ಕೂಡಲೇ ಅವರು ಕೋಲನ್ನು ಇನ್ನಷ್ಟು ನೂಕುತ್ತಾರೆ, ಆಗಲೂ ಕೇಳದಿದ್ದರೆ ಕೊನೆಮುಟ್ಟ ನೂಕುತ್ತಾರೆ. ಕಾರು ಓಡಿಸಿ ಅಭ್ಯಾಸವಿರುವವರಿಗೆ ಇದು ಸಹಜ, ಏಕೆಂದರೆ ಟೈರು ರಸ್ತೆಯನ್ನು ಕಚ್ಚಿ ಹಿಡಿದಿರುತ್ತದೆ. ಚಕ್ರ ಎಷ್ಟು ತಿರುಗಿತೋ ಗಾಡಿ ಅಷ್ಟು ತಿರುಗುತ್ತದೆ. ನೀರಿನಲ್ಲಿ ಹಾಗೆ ಕಚ್ಚಿ ಹಿಡಿಯಲು ಏನೂ ಇಲ್ಲ. ಚುಕ್ಕಾಣಿಯ ಕೋನ ಎಷ್ಟು ಎಂಬ ಪ್ರಶ್ನೆಗಿಂತ ಅದರ ಮೇಲೆ ಎಂಥ ನೀರು, ಎಷ್ಟು ರಭಸದಲ್ಲಿ ಹಾಯುತ್ತಿದೆ ಎಂಬ ಪ್ರಶ್ನೆ ದೊಡ್ಡದು ಎಂಬುದು ಈ ಲೇಖನದ ವಾದ. ಕೋನಕ್ಕೆ ಬೆಲೆಯಿದೆ. ಆದರೆ ನೀರು ಕೊಟ್ಟಷ್ಟೇ ಬೆಲೆ.

ಇಷ್ಟು ಉದ್ದ, ಇಷ್ಟು ಸಪೂರದ ದೋಣಿ ಹುಟ್ಟಿದ್ದು ಲಾಕ್‌ಗಳಿಂದಾಗಿ. ಏರುತಗ್ಗಿನ ನಾಡಿನಲ್ಲಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಲು, ಇಳಿಸಲು ಕಟ್ಟಿದ ಬಾಗಿಲುಳ್ಳ ನೀರಿನ ತೊಟ್ಟಿಯೇ ಲಾಕ್. 1766ರಲ್ಲಿ ಕೆಲಸ ಆರಂಭವಾದ ಟ್ರೆಂಟ್ ಮತ್ತು ಮರ್ಸಿ ಕಾಲುವೆಗೆ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಸುಮಾರು 72 ಅಡಿ ಉದ್ದ, 7 ಅಡಿ ಅಗಲದ ಲಾಕ್‌ಗಳನ್ನು ಗೊತ್ತುಮಾಡಿದ. ಅಲ್ಲಿಂದ ಮುಂದೆ ಮಧ್ಯ ಇಂಗ್ಲೆಂಡಿನ ಬಹುಪಾಲು ದೋಣಿಗಳು ಆ ತೊಟ್ಟಿಯ ಅಚ್ಚಿಗೆ ತಕ್ಕಂತೆ ತಯಾರಾದವು. ಕಲ್ಲಿದ್ದಲು, ಜೇಡಿಮಣ್ಣು, ಪಿಂಗಾಣಿ ಸಾಗಿಸಲು ಅದು ಹೇಳಿಮಾಡಿಸಿದ ಆಕಾರ. ತಿರುಗುವುದಕ್ಕೆ ಮಾತ್ರ ಅಲ್ಲ. ಹಂಪಿಯ ತುಂಗಭದ್ರೆಯಲ್ಲಿ ತೇಲುವ ಹರಿಗೋಲನ್ನು ನೆನೆಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ದುಂಡನೆಯ ಹರಿಗೋಲಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಹುಟ್ಟನ್ನು ಒಮ್ಮೆ ಎಳೆದರೆ ನಿಂತಲ್ಲೇ ಗಿರ್ರನೆ ಸುತ್ತುತ್ತದೆ, ಅದನ್ನು ನೇರ ನಡೆಸುವುದೇ ಅಂಬಿಗನ ಜಾಣ್ಮೆ. ನ್ಯಾರೋಬೋಟಿನ ಪಾಡು ಇದಕ್ಕೆ ತದ್ವಿರುದ್ಧ. ನೇರ ಹೋಗುವುದು ಅದಕ್ಕೆ ಹುಟ್ಟುಗುಣ. ತಿರುಗಬೇಕೆಂದರೆ ಎರಡೂ ತುದಿಯಲ್ಲಿ 30 ಅಡಿಗೂ ಹೆಚ್ಚು ಉದ್ದದ ಪಕ್ಕೆಗಳು ನೀರನ್ನು ಅಡ್ಡಡ್ಡ ತಳ್ಳಬೇಕು.

ಹಾಗಾದರೆ ಚುಕ್ಕಾಣಿ ನಿಜಕ್ಕೂ ಮಾಡುವುದೇನು? ಅದು ಮೂತಿಯನ್ನು ಎಳೆಯುವುದಿಲ್ಲ. ಪ್ರೊಪೆಲರ್‌ನ ಹಿಂದೆ ನಿಂತ ಉಕ್ಕಿನ ಹಲಗೆ ಬಲಕ್ಕೆ ವಾಲಿದಾಗ ಹಿಂದಕ್ಕೆ ಹರಿಯುತ್ತಿದ್ದ ನೀರು ಬಲಕ್ಕೆ ತಿರುಗುತ್ತದೆ. ನೀರನ್ನು ಬಲಕ್ಕೆ ತಳ್ಳಿದ ಹಲಗೆ ತಾನು ಎಡಕ್ಕೆ ತಳ್ಳಿಸಿಕೊಳ್ಳುತ್ತದೆ. ಹೀಗೆ ದೋಣಿಯ ಹಿಂಭಾಗ ಎಡಕ್ಕೆ ಸರಿಯುತ್ತದೆ. ಆಗ ಇಡೀ ಒಡಲು ತಾನು ಸಾಗುತ್ತಿದ್ದ ದಾರಿಗೆ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಓರೆಯಾದ ಆ ಉದ್ದ ಪಕ್ಕೆಗೆ ನೀರು ಒತ್ತಿದಾಗಲೇ ದೋಣಿಯ ದಾರಿ ಬಾಗುತ್ತದೆ. ಅಂದರೆ ದೋಣಿಯನ್ನು ತಿರುಗಿಸುವ ದೊಡ್ಡ ಬಲ ಬರುವುದು ಒಡಲಿನಿಂದಲೇ. ಒಡಲನ್ನು ಓರೆ ಮಾಡಿಕೊಡುವುದಷ್ಟೇ ಚುಕ್ಕಾಣಿಯ ಪಾಲಿನ ಕೆಲಸ. ಮುಂದೆ ಸಾಗುವಾಗ ದೋಣಿ ಹೊರಳುವ ತಿರುಗಣೆ ನಡುವಿನಿಂದ ಮೂತಿಯ ಕಡೆಗೆ ಇರುತ್ತದೆ. ಹಾಗಾಗಿ ಬಲ ತಿರುವಿನಲ್ಲಿ ಮೂತಿ ಬಲಕ್ಕೆ ಸರಿದುದಕ್ಕಿಂತ ಹೆಚ್ಚಾಗಿ ಬಾಲ ಎಡಕ್ಕೆ ಬೀಸುತ್ತದೆ. ಸೇತುವೆಯ ಕಮಾನಿನೊಳಗೆ ಮೂತಿ ಸುಸೂತ್ರ ದಾಟಿದ ಮೇಲೆ ಹಿಂಭಾಗ ಇಟ್ಟಿಗೆಗೆ ಉಜ್ಜಿಕೊಳ್ಳುವುದು ಇದೇ ಕಾರಣಕ್ಕೆ.

ಈಗ ಕೋನದ ಲೆಕ್ಕಕ್ಕೆ ಬರೋಣ. ಚಪ್ಪಟೆ ಹಲಗೆಯ ಮೇಲೆ ನೀರು ಹಾಕುವ ಒತ್ತಡ ಹಲಗೆಯ ಮೈಗೆ ನೇರ ಲಂಬವಾಗಿರುತ್ತದೆ. ಆ ಬಲದ ಒಂದು ಪಾಲು ದೋಣಿಯ ಬಾಲವನ್ನು ಅಡ್ಡ ತಳ್ಳುತ್ತದೆ, ಇನ್ನೊಂದು ಪಾಲು ದೋಣಿಯನ್ನು ಹಿಂದಕ್ಕೆ ಎಳೆಯುತ್ತದೆ. ಮೊದಲನೆಯದು ನಮಗೆ ಬೇಕಾದದ್ದು, ಎರಡನೆಯದು ಅದಕ್ಕೆ ತೆರುವ ಬೆಲೆ. ಹಲಗೆ 15 ಡಿಗ್ರಿ ವಾಲಿದ್ದರೆ, 100 ಕಿಲೋ ಅಡ್ಡಬಲಕ್ಕೆ 27 ಕಿಲೋದಷ್ಟು ಹಿನ್ನೆಳೆತ ಸೇರುತ್ತದೆ. 30 ಡಿಗ್ರಿಗೆ ಅದು 58 ಕಿಲೋ. 45 ಡಿಗ್ರಿಗೆ ಎರಡೂ ಸಮಸಮ. 60 ಡಿಗ್ರಿ ಮುಟ್ಟಿದರೆ 100 ಕಿಲೋ ತಿರುಗುಬಲಕ್ಕೆ 173 ಕಿಲೋ ಎಳೆತ. ಅಷ್ಟರಲ್ಲಿ ಚುಕ್ಕಾಣಿ ಹೋಗಿ ಬ್ರೇಕು ಆಗಿರುತ್ತದೆ. ಇದು ಇಷ್ಟಕ್ಕೇ ನಿಲ್ಲುವುದಿಲ್ಲ. ಕೋನ ಸಣ್ಣದಿದ್ದಾಗ ನೀರು ಹಲಗೆಯ ಎರಡೂ ಮೈಗೆ ಅಂಟಿಕೊಂಡು ಹರಿಯುತ್ತದೆ, ಹಿಂಬದಿಯಲ್ಲಿ ಹರಿಯುವ ನೀರಿನ ಸೆಳೆತವೂ ಬಾಲವನ್ನು ತಳ್ಳಲು ನೆರವಾಗುತ್ತದೆ. ಕೋನ ಏರುತ್ತಾ ಹೋದಂತೆ ಒಂದು ಹಂತದಲ್ಲಿ ಆ ನೀರು ಹಲಗೆಯ ಹಿಂಬದಿಯನ್ನು ಬಿಟ್ಟು ಬೇರ್ಪಡುತ್ತದೆ. ಅಲ್ಲಿ ಬರೀ ಸುಳಿಗಳು ಉಳಿಯುತ್ತವೆ. ಆ ಬಳಿಕ ಕೋನ ಹೆಚ್ಚಿಸಿದರೂ ಅಡ್ಡಬಲ ಹೆಚ್ಚುವುದಿಲ್ಲ, ಇಳಿಯುವುದೂ ಉಂಟು. ಅಗಲಕ್ಕೆ ಹೋಲಿಸಿದರೆ ಎತ್ತರ ಹೆಚ್ಚಿಲ್ಲದ ಗಿಡ್ಡ ಚುಕ್ಕಾಣಿಗಳಲ್ಲಿ ಈ ಹಂತ ತುಸು ತಡವಾಗಿ, ಸುಮಾರು 30ರಿಂದ 40 ಡಿಗ್ರಿಯ ಆಸುಪಾಸಿನಲ್ಲಿ ಬರುತ್ತದೆ. ಸಮುದ್ರದ ಹಡಗುಗಳ ಅಂತರರಾಷ್ಟ್ರೀಯ ಸುರಕ್ಷತಾ ನಿಯಮವೂ ಚುಕ್ಕಾಣಿಯನ್ನು ಒಂದು ಪಕ್ಕದ 35 ಡಿಗ್ರಿಯಿಂದ ಇನ್ನೊಂದು ಪಕ್ಕದ 30 ಡಿಗ್ರಿಗೆ 28 ಸೆಕೆಂಡಿನೊಳಗೆ ತಿರುಗಿಸುವ ಯಂತ್ರ ಇರಬೇಕೆಂದು ಕೇಳುತ್ತದೆ. 35ನ್ನು ಮೀರಿದ ಕೋನವನ್ನು ಅದು ಕೇಳುವುದಿಲ್ಲ.

ಈ ವಿಷಯದಲ್ಲಿ ಕೈಗೆ ಸಿಗುವ ಅನುಭವವೂ ನಮ್ಮನ್ನು ದಾರಿ ತಪ್ಪಿಸುತ್ತದೆ. 19ನೇ ಶತಮಾನದಲ್ಲಿ ಜೋಸೆಲ್ ಎಂಬ ಫ್ರೆಂಚ್ ಎಂಜಿನಿಯರ್ ಹರಿಯುವ ನೀರಿನಲ್ಲಿ ಹಲಗೆಗಳನ್ನಿಟ್ಟು, ಒತ್ತಡ ಒಟ್ಟಾರೆ ಯಾವ ಬಿಂದುವಿನಲ್ಲಿ ಬೀಳುತ್ತದೆಂದು ಅಳೆದ. ಕೋನ ತೀರಾ ಸಣ್ಣದಿದ್ದಾಗ ಆ ಬಿಂದು ಹಲಗೆಯ ಮುಂದಿನ ಅಂಚಿನಿಂದ ಅಗಲದ ಐದರಲ್ಲೊಂದು ಪಾಲಿನಷ್ಟು ದೂರದಲ್ಲಿರುತ್ತದೆ. ಹಲಗೆ ಪೂರಾ ಅಡ್ಡ ನಿಂತಾಗ ನಟ್ಟನಡುವೆ ಬರುತ್ತದೆ. ಇಂದಿನ ನ್ಯಾರೋಬೋಟಿನ ಚುಕ್ಕಾಣಿಯಲ್ಲಿ ತಿರುಗುವ ಕಂಬಿಯ ಮುಂದೆಯೂ ಹಲಗೆಯ ಒಂದಿಷ್ಟು ಭಾಗ ಚಾಚಿಕೊಂಡಿರುತ್ತದೆ, ಹಾಗಾಗಿ ಸಣ್ಣ ಕೋನದಲ್ಲಿ ಒತ್ತಡವೆಲ್ಲ ಕಂಬಿಯ ಹತ್ತಿರವೇ ಬಿದ್ದು ಕೋಲು ಎರಡು ಬೆರಳಿಗೆ ಬಗ್ಗುವಷ್ಟು ಹಗುರವಾಗಿರುತ್ತದೆ. ಕೋನ ಹೆಚ್ಚಿದಂತೆ ಒತ್ತಡದ ಬಿಂದು ಹಿಂದೆ ಸರಿದು ಕೋಲು ತೋಳನ್ನು ಜಗ್ಗತೊಡಗುತ್ತದೆ. ಕೋಲು ಭಾರವಾಯಿತೆಂದರೆ ದೋಣಿ ಜೋರಾಗಿ ತಿರುಗುತ್ತಿದೆ ಎಂದು ಹೊಸಬರು ತಿಳಿಯುತ್ತಾರೆ. ತೋಳಿಗೆ ಬಂದ ಆ ಭಾರದಲ್ಲಿ ಒಂದು ದೊಡ್ಡ ಪಾಲು ಬಿಂದು ಜಾರಿದ್ದರಿಂದ ಬಂದದ್ದು, ತಿರುಗುಬಲ ಹೆಚ್ಚಿದ್ದರಿಂದ ಬಂದದ್ದಲ್ಲ. ದೋಣಿ ನಡೆಸುವುದು ತೋಳ್ಬಲದ ಕೆಲಸ ಎಂಬ ನಂಬಿಕೆ ಹುಟ್ಟಿರುವುದು ಇಲ್ಲಿಂದಲೇ ಇರಬೇಕು ಎನಿಸುತ್ತದೆ.

ನೀರಿನ ರಭಸವೇ ಮುಖ್ಯ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಕಾಲುವೆಯ ಚರಿತ್ರೆಯಲ್ಲೇ ಇದೆ. ಎಂಜಿನ್ ಬರುವ ಮುನ್ನ ಈ ದೋಣಿಗಳನ್ನು ದಡದ ಮೇಲೆ ನಡೆಯುವ ಕುದುರೆ ಹಗ್ಗದಿಂದ ಎಳೆಯುತ್ತಿತ್ತು. ಮನುಷ್ಯ ನಡೆಯುವ ವೇಗ, ನೀರು ಚುಕ್ಕಾಣಿಯ ಮೇಲೆ ಹಾಯುವುದೂ ಅಷ್ಟೇ ನಿಧಾನ. ಸಾಲದ್ದಕ್ಕೆ ಹಗ್ಗ ದೋಣಿಯನ್ನು ಸದಾ ದಡದತ್ತ ಜಗ್ಗುತ್ತಿತ್ತು. ಅದಕ್ಕಾಗಿಯೇ ಆ ದೋಣಿಗಳಿಗೆ ಭಾರೀ ಮರದ ಚುಕ್ಕಾಣಿ, ಅದಕ್ಕೆ ತಕ್ಕ ಉದ್ದನೆಯ ಬಾಗಿದ ಕೋಲು. ದೋಣಿ ನಿಲ್ಲಿಸಿದಾಗ ಆ ಕೋಲನ್ನು ಕಿತ್ತು, ತುದಿ ಮೇಲೆ ಬರುವಂತೆ ತಿರುವಿ ಸಿಕ್ಕಿಸುತ್ತಿದ್ದರು, ಇಲ್ಲದಿದ್ದರೆ ಓಡಾಡಲು ಜಾಗವಿರುತ್ತಿರಲಿಲ್ಲ. ಮುಂದೆ ಎಂಜಿನ್ ದೋಣಿ ಬಂತು, ಅದು ತನ್ನ ಹಿಂದೆ ಎಂಜಿನ್ ಇಲ್ಲದ ಇನ್ನೊಂದು ದೋಣಿಯನ್ನು ಕಟ್ಟಿ ಎಳೆಯತೊಡಗಿತು. ಒಂದೇ ಉದ್ದ, ಒಂದೇ ಅಗಲ, ಒಂದೇ ಸರಕು, ಒಂದೇ ವೇಗ. ಆದರೂ ಮುಂದಿನ ದೋಣಿಗೆ ಪುಟ್ಟ ಉಕ್ಕಿನ ಚುಕ್ಕಾಣಿ ಸಾಕಾಯಿತು, ಹಿಂದಿನದು ಆ ಹಳೆಯ ಮರದ ಚುಕ್ಕಾಣಿಯನ್ನೇ ಇಟ್ಟುಕೊಂಡಿತು. ಎರಡರ ನಡುವೆ ಇದ್ದ ವ್ಯತ್ಯಾಸ ಇಷ್ಟೇ: ಒಂದರ ಚುಕ್ಕಾಣಿಯ ಮುಂದೆ ಪ್ರೊಪೆಲರ್ ಸುತ್ತುತ್ತಿತ್ತು, ಇನ್ನೊಂದರ ಮುಂದೆ ಏನೂ ಇರಲಿಲ್ಲ. ಪ್ರಯೋಗಾಲಯದಲ್ಲಿ ಬೇಕೆಂದೇ ಏರ್ಪಡಿಸಿದ್ದರೂ ಇಷ್ಟು ಚೊಕ್ಕವಾದ ಹೋಲಿಕೆ ಸಿಗುತ್ತಿರಲಿಲ್ಲ. ಇಂಥ ದೋಣಿಗಳಲ್ಲೇ ಸಂಸಾರ ಹೂಡಿ ಬಾಳಿದ, ಓದುಬರಹ ಬಾರದ ಅದೆಷ್ಟೋ ಕುಟುಂಬಗಳು ಈ ಜ್ಞಾನವನ್ನು ತಲೆಮಾರಿನಿಂದ ತಲೆಮಾರಿಗೆ ಕೈಯಿಂದ ಕೈಗೆ ದಾಟಿಸಿದವು. ಅವರ ಬದುಕಿನ ವರ್ಣನೆಗಳಲ್ಲಿ ಬಣ್ಣದ ಬಿಂದಿಗೆ, ಗುಲಾಬಿ ಚಿತ್ತಾರಗಳ ಮಾತು ಧಾರಾಳವಾಗಿ ಬರುತ್ತದೆ. ಈ ನೀರಿನ ತಿಳಿವಳಿಕೆಗೆ ಅಷ್ಟೇ ಗೌರವ ಸಲ್ಲಬೇಕಿತ್ತು.

ರಭಸದ ಲೆಕ್ಕ ಹೀಗಿದೆ. ಚುಕ್ಕಾಣಿಯ ಮೇಲಿನ ಬಲ ನೀರಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಉದಾಹರಣೆಗೆ ಚುಕ್ಕಾಣಿಯ ವಿಸ್ತಾರ 0.35 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ನೀರು ಸೆಕೆಂಡಿಗೆ 1.3 ಮೀಟರ್ ವೇಗದಲ್ಲಿ ಹಾಯುತ್ತಿದ್ದರೆ, ಅಂದರೆ ದೋಣಿಯ ಮಾಮೂಲಿ ನಡಿಗೆಯ ವೇಗದಲ್ಲಿ, ಒಳ್ಳೆಯ ಕೋನದಲ್ಲಿ ಸಿಗುವ ಅಡ್ಡಬಲ ಸುಮಾರು 24 ಕಿಲೋ ತೂಕದಷ್ಟು. 18 ಟನ್ ದೋಣಿಗೆ ಇದು ಏನೇನೂ ಅಲ್ಲ. ಪ್ರೊಪೆಲರ್ ಅದೇ ನೀರನ್ನು ಸೆಕೆಂಡಿಗೆ 2.6 ಮೀಟರ್ ವೇಗದಲ್ಲಿ ಚುಕ್ಕಾಣಿಗೆ ಎರಚಿದರೆ ಬಲ 96 ಕಿಲೋಗೆ ಜಿಗಿಯುತ್ತದೆ, ಕೋನವನ್ನು ಒಂದು ಡಿಗ್ರಿಯೂ ಬದಲಿಸದೆ. ತಿರುವಿನ ನಡುವೆ ಗಾಬರಿಯಾಗಿ ಎಂಜಿನ್ ಪೂರ್ತಿ ಇಳಿಸಿದ ಮರುಕ್ಷಣ ದೋಣಿ ನೇರ ದಡಕ್ಕೆ ಹೊರಡುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಹಾಗಿದ್ದರೆ ಜೋರಾಗಿ ಹೋದರಾಯಿತಲ್ಲ, ಚುಕ್ಕಾಣಿಗೆ ಬಲವೂ ಬಂತು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ದೋಣಿ ಜೋರಾಗಿ ಹೋದಾಗ ಚುಕ್ಕಾಣಿಯ ಬಲವಷ್ಟೇ ಏರುವುದಿಲ್ಲ. ತಿರುಗಲು ಒಲ್ಲದ ಒಡಲಿಗೆ ನೀರು ಒಡ್ಡುವ ಪ್ರತಿರೋಧವೂ ಅದೇ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎರಡೂ ಒಟ್ಟಿಗೆ ಹಿಗ್ಗುವುದರಿಂದ ತಿರುವಿನ ವೃತ್ತ ಹೆಚ್ಚೂ ಕಡಿಮೆ ಅಷ್ಟೇ ಉಳಿಯುತ್ತದೆ, ಅದನ್ನು ಬೇಗ ಸುತ್ತುತ್ತೀರಿ ಅಷ್ಟೆ. ವೃತ್ತ ಚಿಕ್ಕದಾಗಬೇಕಾದರೆ ಚುಕ್ಕಾಣಿಯ ಮೇಲೆ ಹಾಯುವ ನೀರು ರಭಸವಾಗಿರಬೇಕು, ದೋಣಿ ಮಾತ್ರ ನಿಧಾನವಾಗಿರಬೇಕು. ಪ್ರೊಪೆಲರ್ ಇದನ್ನು ಸಾಧ್ಯಮಾಡುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿಗೆ ಬಂದು ಕೋಲನ್ನು ನೂಕಿ, ಆಮೇಲೆ ಒಂದೆರಡು ಸೆಕೆಂಡು ಎಂಜಿನ್‌ಗೆ ಒತ್ತು ಕೊಟ್ಟು ಬಿಡುವುದು ನುರಿತವರ ಕ್ರಮ. ಅಷ್ಟು ಹೊತ್ತಿನಲ್ಲಿ ಭಾರದ ದೋಣಿ ವೇಗ ಹಿಡಿಯುವುದಿಲ್ಲ, ಬಾಲ ಮಾತ್ರ ಬೀಸಿಬಿಟ್ಟಿರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಾಲುವೆಯಲ್ಲಿ ದೋಣಿಯನ್ನು ಹಿಂದುಮುಂದಾಗಿ ತಿರುಗಿಸಿಕೊಳ್ಳಲು ಅಲ್ಲಲ್ಲಿ ಒಂದು ದಡವನ್ನು ತ್ರಿಕೋನಾಕಾರದಲ್ಲಿ ಒಳಗೆ ಅಗೆದು ಅಗಲಿಸಿದ ತಾಣಗಳಿರುತ್ತವೆ. ಅಲ್ಲಿ ಪಳಗಿದ ಕೈಗಳೂ ಕೋಲನ್ನು ಪೂರಾ ಪಕ್ಕಕ್ಕೆ, 35 ಡಿಗ್ರಿಗೂ ಎಷ್ಟೋ ಆಚೆ ನೂಕುತ್ತವೆ, ದೋಣಿ ಸೊಗಸಾಗಿ ತಿರುಗುತ್ತದೆ. ಕೋನದ ಮಿತಿ ನಿಜವಾಗಿದ್ದರೆ ಇದು ಹೇಗೆ? ಅಲ್ಲಿ ನಡೆಯುವುದನ್ನು ಗಮನವಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ದೋಣಿಯ ಮೂತಿಯನ್ನು ಆ ಮೂಲೆಗೆ ಮೆಲ್ಲನೆ ತಾಗಿಸುತ್ತಾರೆ. ಅದೇ ತಿರುಗಣೆಯಾಗುತ್ತದೆ, ಬಾಲಕ್ಕೆ ಇಡೀ ದೋಣಿಯ ಉದ್ದ ಸನ್ನೆಕೋಲಾಗಿ ಸಿಗುತ್ತದೆ. ದೋಣಿ ನಿಂತೇ ಇರುವುದರಿಂದ ಚುಕ್ಕಾಣಿಗೆ ಬೀಳುವುದು ಪ್ರೊಪೆಲರ್ ಎರಚಿದ ನೀರೊಂದೇ. ಆ ನೀರನ್ನು ಆದಷ್ಟು ಅಡ್ಡಕ್ಕೆ ತಿರುಗಿಸುವುದೇ ಉದ್ದೇಶ. ಬಾಲ ಹೊರಕ್ಕೆ ಜಾರುತ್ತಾ ಹೋದಂತೆ ಚುಕ್ಕಾಣಿ ನೀರಿಗೆ ಎದುರಾಗುವ ನಿಜವಾದ ಕೋನವೂ ಕೋಲು ತೋರಿಸುವುದಕ್ಕಿಂತ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ ಸಂಗತಿ, ಇನ್ನೆಲ್ಲೋ ನಷ್ಟವೆನಿಸುವ ಹಿನ್ನೆಳೆತ ಇಲ್ಲಿ ಲಾಭವಾಗುತ್ತದೆ: ಮುಂದೆ ಜಾಗವಿಲ್ಲದಾಗ ದೋಣಿ ಮುಂದಕ್ಕೆ ನುಗ್ಗದಂತೆ ಅದೇ ತಡೆಯುತ್ತದೆ. 70 ಡಿಗ್ರಿವರೆಗೂ ಹೊರಳಬಲ್ಲ ಷಿಲಿಂಗ್ ಮಾದರಿಯ ಚುಕ್ಕಾಣಿಗಳ ಉದಾಹರಣೆಯನ್ನೂ ಕೆಲವರು ಕೊಡುತ್ತಾರೆ. ಅವುಗಳ ಮೇಲೂ ಕೆಳಗೂ ತಟ್ಟೆಗಳನ್ನು ಬೆಸೆದಿರುತ್ತಾರೆ, ಹಿಂದಿನ ಅಂಚು ಮೀನಿನ ಬಾಲದಂತೆ ಅಗಲವಾಗುತ್ತದೆ. ನೀರು ಕೈತಪ್ಪಿ ಹೋಗದಂತೆ ಅಷ್ಟೆಲ್ಲ ಬಂದೋಬಸ್ತು ಮಾಡಿದ ಮೇಲೆಯೇ ದೊಡ್ಡ ಕೋನಕ್ಕೆ ಬೆಲೆ ಬಂದಿದೆ.

ಇಷ್ಟು ಹೊತ್ತೂ ನೀರು ಬೇಕಾದಷ್ಟಿದೆ ಎಂದೇ ಲೆಕ್ಕ ಹಾಕಿದ್ದಾಯಿತು. ಕಾಲುವೆಯಲ್ಲಿ ಅಷ್ಟು ನೀರು ಇರುವುದಿಲ್ಲ. ತಳ ಬಾಣಲೆಯ ಹಾಗೆ ನಡುವೆ ಮಾತ್ರ ಆಳ, ದೋಣಿಯ ಅಡಿ ನೀರಿನಲ್ಲಿ ಎರಡು, ಎರಡೂವರೆ ಅಡಿ ಮುಳುಗಿರುತ್ತದೆ. ದೋಣಿ ಮುಂದೆ ಸಾಗಲು ಅದು ತೆರವು ಮಾಡಿದ ಜಾಗಕ್ಕೆ ನೀರು ಪಕ್ಕದಿಂದ ಹಿಂದಕ್ಕೆ ಹರಿಯಬೇಕು, ಕಿರಿದಾದ ಸಂದಿಯಲ್ಲಿ ಅದಕ್ಕೆ ದಾರಿಯಿರುವುದಿಲ್ಲ. ವೇಲ್ಸ್‌ನ ಪಾಂಟ್‌ಕಸಲ್ತೆಯಲ್ಲಿ ಕಣಿವೆಯ ಮೇಲೆ 38 ಮೀಟರ್ ಎತ್ತರದಲ್ಲಿ, 307 ಮೀಟರ್ ಉದ್ದಕ್ಕೆ ಕಬ್ಬಿಣದ ತೊಟ್ಟಿಯಲ್ಲಿ ಕಾಲುವೆ ಹಾಯುತ್ತದೆ. 1805ರಲ್ಲಿ ಅದು ತೆರೆದಾಗ ಥಾಮಸ್ ಟೆಲ್ಫರ್ಡ್ ಕುದುರೆ ನಡೆಯುವ ದಾರಿಯನ್ನು ತೊಟ್ಟಿಯ ಪಕ್ಕದಲ್ಲಿಡದೆ ನೀರಿನ ಮೇಲೆಯೇ ಚಾಚಿ ಕಟ್ಟಿಸಿದ್ದ, ದೋಣಿ ತಳ್ಳಿದ ನೀರು ಆ ದಾರಿಯ ಅಡಿಯಿಂದ ಹಿಂದಕ್ಕೆ ಹರಿಯಲಿ ಎಂದು. ನೀರಿಗೆ ಜಾಗ ಬಿಡುವುದು ಎಷ್ಟು ಮುಖ್ಯವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಾಮಾನ್ಯ ಕಾಲುವೆಯಲ್ಲಿ ದೋಣಿ ಒಂದು ದಡಕ್ಕೆ ಹತ್ತಿರವಾದರೆ ಆ ಕಡೆಯ ಸಂದಿಯಲ್ಲಿ ನೀರು ಬಿರುಸಾಗಿ ಹರಿದು ಮಟ್ಟ ಕುಸಿಯುತ್ತದೆ, ಬಾಲವನ್ನು ದಡ ಎಳೆದುಕೊಳ್ಳುತ್ತದೆ, ಮೂತಿ ಎದುರು ದಡದತ್ತ ಹೊರಳುತ್ತದೆ. ದಡದಿಂದ ದೂರ ಹೋಗೋಣವೆಂದು ಮೂತಿಯನ್ನು ಇನ್ನಷ್ಟು ಆಚೆ ತಿರುಗಿಸಿದರೆ ಬಾಲ ಇನ್ನಷ್ಟು ದಡದೊಳಕ್ಕೇ ಹೋಗುತ್ತದೆ, ಎಂಜಿನ್ ಒತ್ತಿದರೆ ಸೆಳೆತವೂ ಹೆಚ್ಚುತ್ತದೆ. ಇಲ್ಲಿ ಕೋನವೂ ಕೆಲಸಕ್ಕೆ ಬಾರದು, ರಭಸವೂ ಬಾರದು. ಎಂಜಿನ್ ಇಳಿಸಿ, ಕುಸಿದ ನೀರು ಮತ್ತೆ ತುಂಬಿಕೊಳ್ಳಲು ಬಿಡಬೇಕು. 2021ರ ಮಾರ್ಚ್ 23ರಂದು ಸುಯೆಜ್ ಕಾಲುವೆಯಲ್ಲಿ ಅಡ್ಡಬಿದ್ದು ಆರು ದಿನ ಜಗತ್ತಿನ ಸರಕನ್ನೇ ತಡೆದ 400 ಮೀಟರ್ ಉದ್ದದ ಎವರ್ ಗಿವನ್ ಹಡಗಿನ ಸುದ್ದಿ ಓದಿದ್ದವರಿಗೆ, ಅಂದಿನ ಬಿರುಗಾಳಿಯ ಜೊತೆಗೆ ಈ ದಡದ ಸೆಳೆತದ ಮಾತೂ ಕೇಳಿಬಂದದ್ದು ನೆನಪಿರಬಹುದು. ನ್ಯಾರೋಬೋಟು ಗಂಟೆಗೆ 6.4 ಕಿಲೋಮೀಟರ್ ಮಿತಿಯೊಳಗೆ ತೆವಳುತ್ತದೆ, ಆ ಹಡಗು ಅದರ ಎಷ್ಟೋ ಪಟ್ಟು ದೊಡ್ಡದು. ನೀರಿನ ನಿಯಮ ಎರಡಕ್ಕೂ ಒಂದೇ.

ಹಿಂದಕ್ಕೆ ಚಲಿಸುವಾಗ ಈ ವಾದಕ್ಕೆ ಕೊನೆಯ ಪರೀಕ್ಷೆ. ಪ್ರೊಪೆಲರ್ ಉಲ್ಟಾ ಸುತ್ತಿದಾಗ ಅದು ಎರಚುವ ನೀರು ದೋಣಿಯ ಅಡಿಗೆ, ಮುಂದಕ್ಕೆ ಹೋಗುತ್ತದೆ. ಚುಕ್ಕಾಣಿಗೆ ಸಿಗುವುದು ಪ್ರೊಪೆಲರ್ ತನ್ನತ್ತ ಎಳೆದುಕೊಳ್ಳುವ ಮಂದ ಹರಿವು ಮಾತ್ರ. ಕೋಲನ್ನು 10 ಡಿಗ್ರಿ ಇಟ್ಟರೂ 50 ಇಟ್ಟರೂ ಬಾಲ ತನಗೆ ತೋಚಿದ ಕಡೆಗೆ ಸರಿಯುತ್ತದೆ, ಬಹುಮಟ್ಟಿಗೆ ಪ್ರೊಪೆಲರ್ ಸುತ್ತುವ ದಿಕ್ಕು ಹೇಳಿದ ಕಡೆಗೆ. ಅಷ್ಟೇ ಅಲ್ಲ, ಹಿಂದಕ್ಕೆ ಹೋಗುವಾಗ ಹಲಗೆಯ ಹಿಂದಿನ ಅಂಚು ಮುಂದಿನ ಅಂಚಾಗುತ್ತದೆ. ತುಸು ವಾಲಿದರೂ ಎದುರು ನೀರು ಅದನ್ನು ಪಟ್ಟನೆ ಪೂರಾ ಪಕ್ಕಕ್ಕೆ ಬಡಿಯುತ್ತದೆ, ಕೋಲು ಬೀಸಿ ಹಿಂದೆ ನಿಂತವರನ್ನು ನೀರಿಗೆ ಕೆಡವಬಹುದು. ಅದಕ್ಕೇ ಹಿಂದಕ್ಕೆ ನಡೆಸುವಾಗ ಕೋಲಿನ ಬೀಸಿನೊಳಗೆ ಯಾರೂ ನಿಲ್ಲಬಾರದು, ಕೋಲನ್ನು ನಡುವಿನಲ್ಲಿ ಬಿಗಿಯಾಗಿ ಹಿಡಿದಿರಬೇಕು ಎಂದು ಕಲಿಸುತ್ತಾರೆ. ದೋಣಿ ಓರೆಯಾಯಿತೆಂದರೆ ಅನುಭವಿಗಳು ಹಿಂದಕ್ಕೆ ಹೋಗುತ್ತಲೇ ಅದನ್ನು ಸರಿಪಡಿಸಲು ಹೆಣಗುವುದಿಲ್ಲ. ಎಂಜಿನನ್ನು ಮುಂದಿನ ಗೇರಿಗೆ ಹಾಕಿ, ಕೋಲನ್ನು ಪಕ್ಕಕ್ಕೆ ನೂಕಿ, ಒಂದೇ ಒಂದು ಸಲ ಚುಕ್ಕಾಣಿಗೆ ನೀರೆರಚಿ ಬಾಲವನ್ನು ನೇರ ಮಾಡಿಕೊಳ್ಳುತ್ತಾರೆ. ದೋಣಿ ಮುಂದೆ ಹೊರಡುವ ಮೊದಲೇ ಮತ್ತೆ ಹಿಂದಿನ ಗೇರಿಗೆ ಬರುತ್ತಾರೆ. ಹತ್ತು ಮೀಟರ್ ಹೋದ ಮೇಲೆ ಮತ್ತೆ ಹಾಗೆಯೇ.